ರಾಗಿ ರೂಮಿನ ಸ್ಟೀಲ್ ಡಬ್ಬಗಳು

ಮೊನ್ನೆ ಕೆಲಸವಿದ್ದು ರಾಮನಗರಕ್ಕೆ ಹೋಗಿದ್ದೆ. ಆಟೋ ಹಳೆಯ ಫಿಲೇಚರ್ ಬೀದಿಗೆ ತಿರುಗುತ್ತಿದ್ದಂತೆ ಚಾಲಕ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಮೂಗು ಮುಚ್ಚಿಕೊಂಡ. "ಇನ್ನೂ ಎರಡು ಮನೇಲಿ ಗೂಡು ಬೇಯಿಸ್ತವ್ರೆ ಕಣಮ್ಮ, ಗಬ್ಬು ವಾಸ್ನೆ," ಎಂದ. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಎಳೆಯುವಾಗ ಒಳಗಿನ ಸತ್ತ ಹುಳದಿಂದ ಏಳುವ ವಾಸನೆ ಅದು. ಅದನ್ನು ಸುವಾಸನೆ ಎಂದು ನಾನೂ ಹೇಳುವುದಿಲ್ಲ. ಆದರೆ ಆ ಊರಿನ ಅರ್ಧ ಜನ ಆ ವಾಸನೆಯಲ್ಲೇ ದುಡಿದು, ಉಂಡು, ಮಕ್ಕಳನ್ನು ಓದಿಸಿದವರು. ಆ ವಾಸನೆ ಊರಿನಿಂದ ಹೆಚ್ಚುಕಮ್ಮಿ ಪೂರ್ತಿ ಹೊರಟುಹೋದ ಒಂದು ವರ್ಷವಿತ್ತು. ಆ ವರ್ಷ ಬಂದಷ್ಟು ಸಿಟ್ಟು ನನಗೆ ಬೇರೆ ಯಾವ ವರ್ಷವೂ ಬಂದಿಲ್ಲ, ಮದುವೆಯಾದ ವರ್ಷವನ್ನೂ ಸೇರಿಸಿ.

ಆಗ ನಾನು ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಚೀನಾದಿಂದ ಅಗ್ಗದ ರೇಷ್ಮೆ ಬಂದು, ಇಲ್ಲಿನ ನೂಲನ್ನು ಕೇಳುವವರಿಲ್ಲದೆ, ನೂಲು ತೆಗೆಯುವ ಫಿಲೇಚರುಗಳು ಒಂದರ ಹಿಂದೊಂದು ಬಾಗಿಲು ಹಾಕಿದವು. ಅದೇ ಹೊತ್ತಿಗೆ ಬಿಡದಿ ಕಡೆ ಕಾರ್ಖಾನೆಗಳು ಎದ್ದವು. ಬೆಳಗಾದರೆ ಕಂಪನಿ ಬಸ್ಸುಗಳು ಹೆದ್ದಾರಿಯಲ್ಲಿ ಸಾಲುಗಟ್ಟಿ ಹೋಗುತ್ತಿದ್ದವು. ನಮ್ಮ ಕಡೆಯವರ ಅದೃಷ್ಟ ಖುಲಾಯಿಸಿತು ಎಂದು ಎಲ್ಲರೂ ಮಾತಾಡಿಕೊಂಡರು. ಐಟಿಐ ಪಾಸಾದ ಹುಡುಗರ ಪಾಲಿಗೆ ಅದು ನಿಜ. ಅರ್ಧ ಆಯುಷ್ಯವನ್ನು ಬಿಸಿನೀರಿನ ಬೇಸಿನ್ ಮುಂದೆ ಕಳೆದು, ಬೆರಳ ತುದಿಯ ಚರ್ಮ ಬಿಳುಚಿಕೊಂಡಿದ್ದ ಹೆಂಗಸರನ್ನು ಯಾವ ಬಸ್ಸೂ ಹತ್ತಿಸಿಕೊಳ್ಳಲಿಲ್ಲ.

ನನಗೆ ಇದು ಗೊತ್ತಾದದ್ದು ಪೇಪರಿನಿಂದಲ್ಲ. ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಕಾಜಾ ಹೊಲಿಯುತ್ತಿದ್ದ ಹುಡುಗಿಯರು ಸೂಜಿ ಹಿಡಿದ ಹಾಗೆಯೇ ತಲೆ ಸುತ್ತಿ ಬೀಳುತ್ತಿದ್ದರು. ಬಿದ್ದವರೆಲ್ಲ ಫಿಲೇಚರ್ ಬೀದಿಯವರು. ವಿಚಾರಿಸಿದರೆ, "ಊಟ ಆಗೈತೆ ಮಿಸ್," ಎಂಬ ಹಸಿ ಸುಳ್ಳು.

ಊರಿನ ನಾಲ್ಕಾರು ಜನ ಸೇರಿ ಒಂದು ಸಮಿತಿ ಮಾಡಿಕೊಂಡೆವು. ಹಾಗೆ ಶುರುವಾದದ್ದು ನಮ್ಮ ಉಗ್ರಾಣ. ಬೋರ್ಡಿನ ಮೇಲೆ "ಸಮುದಾಯ ಆಹಾರ ನೆರವು ಕೇಂದ್ರ" ಎಂದು ಬರೆಸಿದೆವು. ಜನ ಅದನ್ನು ಒಂದು ದಿನವೂ ಹಾಗೆ ಕರೆಯಲಿಲ್ಲ. ರಾಗಿ ರೂಮು ಎಂದರು. ಬಷೀರ್ ಸಾಬರು ಮುಚ್ಚಿಹೋದ ತಮ್ಮ ಫಿಲೇಚರಿನ ಶೆಡ್ಡನ್ನು ಪುಕ್ಕಟೆ ಬಿಟ್ಟುಕೊಟ್ಟರು. ಕೂಟಗಲ್ ಸುತ್ತಿನ ರೈತರು ಮನೆಯ ರಾಗಿಯಲ್ಲಿ ಒಂದೊಂದು ಚೀಲ ತೆಗೆದುಕೊಟ್ಟರು. ವಿರೂಪಾಕ್ಷಿಪುರದ ಕಡೆಯಿಂದ ಹುರುಳಿ ಬಂತು. ಪೇಟೆಯ ಅಂಗಡಿಯವರು ಬೇಳೆ, ಎಣ್ಣೆ ಕೊಟ್ಟರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನಾನು ಬೀಗ ತೆಗೆಯುತ್ತಿದ್ದೆ. ಹೆಂಗಸರು ತಮ್ಮ ತಮ್ಮ ಬಟ್ಟೆಚೀಲ ತಂದು, ವಾರಕ್ಕಾಗುವಷ್ಟು ರಾಗಿ, ಬೇಳೆ ತುಂಬಿಸಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಯುಗಾದಿಯಿಂದ ಆಷಾಢದವರೆಗೆ ಅದು ಸದ್ದಿಲ್ಲದೆ ನಡೆಯಿತು. ಮೊದಲ ಪೀರಿಯಡ್ಡಿನಲ್ಲಿ ಬೀಳುವ ಹುಡುಗಿಯರು ಕಡಿಮೆಯಾದರು.

ಅಷ್ಟು ಚೆನ್ನಾಗಿ ನಡೆಯುತ್ತಿದ್ದುದನ್ನು ಹಾಗೇ ಬಿಡುವುದುಂಟೇ. ಒಳ್ಳೆಯದು ಮಾಡುವವರು ಬಂದರು.

ನಮ್ಮ ಸಮಿತಿಗೆ ಶಿವಲಿಂಗಯ್ಯನವರು ಕಾರ್ಯದರ್ಶಿ. ಸಹಕಾರ ಸಂಘವೊಂದರಲ್ಲಿ ಜೀವಮಾನವೆಲ್ಲ ಸೀಲು ಒತ್ತಿ ನಿವೃತ್ತರಾದವರು. ಒತ್ತಲು ಸೀಲಿಲ್ಲದೆ ಅವರ ಕೈ ಚಡಪಡಿಸುತ್ತಿತ್ತು. ಅವರೇ ಹೋಗಿ ಬಿಡದಿಯ ಒಂದು ಕಾರ್ಖಾನೆಯ ಆಫೀಸರನ್ನು ಕರೆತಂದರು. ಆ ಆಫೀಸರ್ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಬಾಯಿಗೆ ಬಂದಂತೆ ಬೈದು ಕಳಿಸಬಹುದಿತ್ತು. ಮೃದುವಾದ ಮಾತು, ಕೈಮುಗಿದು ನಿಲ್ಲುವ ವಿನಯ, ಇಸ್ತ್ರಿ ಮಾಡಿದ ಅಂಗಿ. ಶೆಡ್ಡಿನೊಳಗೆ ಒಂದು ಸುತ್ತು ಹಾಕಿ, ಬಟ್ಟೆಚೀಲಗಳ ಸಾಲು ನೋಡಿ ನೊಂದುಕೊಂಡ.

"ಮೇಡಂ, ಇದು ಹೈಜೀನ್ ಅಲ್ಲ. ಇಲಿ, ತೇವ ಎಲ್ಲಾ ಇರುತ್ತೆ. ನಾವೊಂದು ಸಿಸ್ಟಮ್ ಮಾಡೋಣ. ಡಬ್ಬ ನಾವು ಕೊಡ್ತೀವಿ."

ಮುಂದಿನ ವಾರವೇ ಲಾರಿಯಲ್ಲಿ ಸ್ಟೀಲ್ ಡಬ್ಬಗಳು ಬಂದಿಳಿದವು. ಫಳಫಳ ಹೊಳೆಯುವ, ಬಿಗಿ ಮುಚ್ಚಳದ ದೊಡ್ಡ ಡಬ್ಬಗಳು. ಪ್ರತಿ ಮುಚ್ಚಳದ ಮೇಲೆ ಕಂಪನಿಯ ಹೆಸರು. ಜೊತೆಗೆ ಪ್ರತಿ ತಿಂಗಳೂ ಎಣ್ಣೆ, ಬೇಳೆ ಕಂಪನಿಯಿಂದಲೇ. ಪದ್ಧತಿ ಏನೆಂದರೆ, ಪ್ರತಿ ಮನೆಗೂ ತುಂಬಿದ ಒಂದು ಡಬ್ಬ. ಅದು ಮುಗಿದಾಗ ತೊಳೆದು ತಂದು ಕೊಟ್ಟು, ತುಂಬಿದ ಇನ್ನೊಂದನ್ನು ಒಯ್ಯಬೇಕು. ಡಬ್ಬ ತರದವರಿಗೆ ಸಾಮಾನಿಲ್ಲ. ಶಿವಲಿಂಗಯ್ಯನವರಂತೂ ಒಂದೊಂದು ಡಬ್ಬವನ್ನೂ ಮಗುವಿನ ತಲೆ ಸವರಿದ ಹಾಗೆ ಸವರಿದರು.

ಮೊದಲ ಡಬ್ಬ ವಾಪಸ್ ತಂದವಳು ಜಯಮ್ಮ. ಇದೇ ಬಷೀರ್ ಸಾಬರ ಫಿಲೇಚರಿನಲ್ಲಿ ನೂಲು ಎಳೆಯುತ್ತಿದ್ದವಳು. ಕೂಟಗಲ್ ಹತ್ತಿರದ ಒಕ್ಕಲು ಮನೆತನ. ಗಂಡ ತೀರಿಕೊಂಡ ಮೇಲೆ ಮೈದುನರ ಜೊತೆ ಏಗಲಾರದೆ ಹೊಲದ ಆಸೆ ಬಿಟ್ಟು ಪೇಟೆಗೆ ಬಂದು ದುಡಿದವಳು. ಒಬ್ಬಳೇ ಮಗಳು ಭಾಗ್ಯಳನ್ನು ಕನಕಪುರದಿಂದಾಚೆ ಉಯ್ಯಂಬಳ್ಳಿಗೆ ಮದುವೆ ಮಾಡಿಕೊಟ್ಟಿದ್ದಳು. ನಾಲಿಗೆ ಚುರುಕು, ಬೆನ್ನು ನೆಟ್ಟಗೆ. ಅವಳು ಕೊಟ್ಟ ಡಬ್ಬದ ಮುಚ್ಚಳ ತೆಗೆದರೆ ಒಳಗೆ ನುಗ್ಗೆಸೊಪ್ಪು.

"ಏನಿದು ಜಯಮ್ಮ?"

"ಸೊಪ್ಪು ಕಣ್ ಟೀಚರಮ್ಮ."

"ಅದು ನನಗೂ ಕಾಣುತ್ತೆ. ಯಾಕೆ ತಂದೆ ಅಂತ ಕೇಳ್ದೆ."

"ಮತ್ತೆ ಬರೀ ಡಬ್ಬ ತರಕ್ಕಾಯ್ತದಾ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದಳು.

ನಾನೂ ಅದೇ ನೀರು ಕುಡಿದು ಬೆಳೆದವಳೇ. ನಮ್ಮಮ್ಮ ನೆರೆಮನೆಯಿಂದ ಬಂದ ಬಟ್ಟಲನ್ನು ಎಂದೂ ಬರಿದಾಗಿ ಕಳಿಸಿದವಳಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಬಟ್ಟೆಚೀಲ ಅವರದೇ ಆಗಿದ್ದಾಗ ಈ ಮಾತೇ ಬರಲಿಲ್ಲ. ತಮ್ಮ ಚೀಲ, ತಾವು ತಂದರು, ತಾವು ಒಯ್ದರು. ಈಗ ಬೇರೆಯವರ ಮನೆಯ ಪಾತ್ರೆ ತಮ್ಮ ಮನೆಗೆ ಬಂದು ಕೂತಿದೆ. ಅದನ್ನು ಹಿಂದಿರುಗಿಸುವಾಗ ಬರಿದಾಗಿ ಕೊಟ್ಟರೆ ಮನೆಯ ಮರ್ಯಾದೆ ಏನಾಗಬೇಕು? ಲಾರಿಗಟ್ಟಲೆ ಡಬ್ಬ ಇಳಿಸುವ ಮುಂಚೆ ಇದನ್ನು ಯೋಚಿಸಿದವರು ನಮ್ಮ ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರ ಮನೆಯಲ್ಲೂ ಅಮ್ಮಂದಿರಿದ್ದರು, ಪಾತ್ರೆಗಳೂ ಇದ್ದವು.

ಅಲ್ಲಿಂದ ನನ್ನ ಶನಿವಾರಗಳು ಹಾಳಾದವು. ಡಬ್ಬ ತೆಗೆದರೆ ಅಣ್ಣೆಸೊಪ್ಪು. ಇನ್ನೊಂದರಲ್ಲಿ ಹುಣಸೆಹಣ್ಣು. ಒಂದರಲ್ಲಿ ಕೋಳಿಮೊಟ್ಟೆ, ಅದೂ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ. ಮತ್ತೊಂದರಲ್ಲಿ ಎರಡು ಸೀಬೆಹಣ್ಣು, ಯಾರ ಮನೆಯ ಕಾಂಪೌಂಡಿನದೋ. ಒಬ್ಬಳು ರಾಗಿ ಹಿಟ್ಟನ್ನೇ ತಂದಳು: ನಾವು ಕೊಟ್ಟ ರಾಗಿಯನ್ನೇ ಬೀಸಿಸಿ, ಅದರಲ್ಲೊಂದು ಪಾವು ನಮಗೇ ವಾಪಸ್. ಸೋನೆ ಮಳೆ ಬೇರೆ ಹಿಡಿದಿತ್ತು. ತಂದ ಸೊಪ್ಪು ಶೆಡ್ಡಿನ ಮೂಲೆಯಲ್ಲಿ ಕೊಳೆಯಿತು, ಇರುವೆ ಮುತ್ತಿದವು. ಎಸೆದರೆ ತಂದವಳ ಕಣ್ಣಿಗೆ ಬಿದ್ದೀತೆಂದು ಎಲ್ಲವನ್ನೂ ಮನೆಗೆ ಹೊತ್ತೆ. ನಮ್ಮ ಮನೆಯಲ್ಲಿ ಶ್ರಾವಣವೆಲ್ಲ ಸೊಪ್ಪಿನ ಸಾರು. "ಬಡವರಿಗೆ ನೀನು ಹಂಚ್ತಿದೀಯೋ, ಅವರೇ ನಮ್ಮನ್ನ ಸಾಕ್ತಿದಾರೋ?" ಎಂದು ನನ್ನ ಯಜಮಾನರು ತಟ್ಟೆ ಮುಂದೆ ಕೂತು ನಕ್ಕರು. ಆವತ್ತು ಅವರಿಗೆ ಸೊಪ್ಪಿನ ಸಾರೂ ಬಡಿಸಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಜಯಮ್ಮ ಬರುವುದನ್ನು ನಿಲ್ಲಿಸಿದಳು. ಮೊದಲ ಶನಿವಾರ ಎಲ್ಲೋ ಕೂಲಿಗೆ ಹೋಗಿರಬೇಕು ಎಂದುಕೊಂಡೆ. ಮುಂದಿನ ಶನಿವಾರವೂ ಇಲ್ಲ. ಶಿವಲಿಂಗಯ್ಯನವರಿಗೆ ಅವಳ ಚಿಂತೆಯಿರಲಿಲ್ಲ, ಡಬ್ಬದ ಚಿಂತೆಯಿತ್ತು. "ನುಂಗಿಹಾಕಿದಳು ಮೇಡಂ. ಸ್ಟೀಲು ನೋಡಿ, ಬಿಡ್ತಾರಾ," ಎಂದರು.

ಅಷ್ಟರಲ್ಲಿ ಆಫೀಸರ್ ಬಂದ. ಕಂಪನಿಯ ಪತ್ರಿಕೆಗೆ ಫೋಟೋ ಬೇಕಿತ್ತಂತೆ. ಹೆಂಗಸರನ್ನು ಡಬ್ಬ ಹಿಡಿಸಿ ಸಾಲಾಗಿ ನಿಲ್ಲಿಸಿದರು. ಕಂಪನಿಯ ಹೆಸರು ಕಾಣುವ ಹಾಗೆ ಮುಚ್ಚಳ ಈ ಕಡೆ ತಿರುಗಿಸಿ ಎಂದು ಒಬ್ಬೊಬ್ಬರ ಬಳಿಗೂ ಹೋಗಿ ತಾನೇ ತಿರುಗಿಸುತ್ತ ಬಂದ ಆಫೀಸರ್, ಒಂದರ ಮುಚ್ಚಳ ತೆಗೆದು ನೋಡಿದ. ಮೊಟ್ಟೆ. ಪಕ್ಕದ್ದನ್ನು ತೆಗೆದ. ಬೆಂಡೆಕಾಯಿ. ಸಾಲಿನ ಕೊನೆಯವರೆಗೂ ತೆಗೆದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದ.

"ಮೇಡಂ, ತಪ್ಪು ತಿಳೀಬೇಡಿ. ಇವರ ಮನೆಯಲ್ಲಿ ಕೊಡುವಷ್ಟು ಇದೆ ಅಂದ್ರೆ, ಇವರು ನಿಜವಾಗಿ ಅಗತ್ಯ ಇರೋರು ಅಲ್ಲ ಅಲ್ವಾ? ಮೇಲಿನವರಿಗೆ ನಾನು ಏನಂತ ಹೇಳಲಿ?"

"ಮನೇಲಿ ಇದೆ ಅಂತ ತರ್ತಿಲ್ಲ ಸರ್, ಬರೀ ಪಾತ್ರೆ ಕೊಡಬಾರದು ಅಂತ ತರ್ತಾರೆ. ನಿಮ್ಮ ಮನೇಲಿ ಹೇಗೆ?" ಎಂದೆ.

"ನಮ್ಮದು ಅಪಾರ್ಟ್‌ಮೆಂಟು," ಎಂದು ಅವನು ಬಹಳ ವಿನಯದಿಂದ ಹೇಳಿದ.

ಅವನು ಕಾರು ಹತ್ತಿದ್ದೇ ತಡ, ಶಿವಲಿಂಗಯ್ಯನವರು ಪೇಂಟರನ್ನು ಕರೆಸಿದರು. ಶೆಡ್ಡಿನ ಬಾಗಿಲ ಪಕ್ಕ ಒಂದು ಬೋರ್ಡು ಎದ್ದಿತು: "ಡಬ್ಬಗಳನ್ನು ಖಾಲಿಯಾಗಿಯೇ ಹಿಂದಿರುಗಿಸತಕ್ಕದ್ದು. ಒಳಗೆ ಏನಾದರೂ ಇಟ್ಟು ತಂದವರಿಗೆ ಸಾಮಾನು ಕೊಡಲಾಗುವುದಿಲ್ಲ." ಕೆಳಗೆ ಅವರ ರುಜು, ಪೇಂಟಿನಲ್ಲಿ.

ಮುಂದಿನ ಶನಿವಾರ ಬೀಗ ತೆಗೆದು ಕೂತೆ. ಒಬ್ಬರೂ ಬರಲಿಲ್ಲ. ಅದರ ಮುಂದಿನ ಶನಿವಾರವೂ ಅಷ್ಟೇ. ಬಾಗಿಲಲ್ಲಿ ಒಂದು ನಾಯಿ ಬಂದು ಮಲಗಿತು, ಅದಕ್ಕೆ ಓದಲು ಬರುತ್ತಿರಲಿಲ್ಲ. ರಾಗಿ ಚೀಲಗಳು ಛಾವಣಿಯವರೆಗೆ ಪೇರಿಸಿದ್ದವು. ಮೂರು ಬೀದಿ ಆಚೆ ಒಲೆ ಹತ್ತದ ಮನೆಗಳಿದ್ದವು. ಸೋಮವಾರ ನನ್ನ ಕ್ಲಾಸಿನಲ್ಲಿ ಮತ್ತೊಬ್ಬ ಹುಡುಗಿ ಬಿದ್ದಳು. ಬಿಸ್ಕತ್ತು ತಿನ್ನಿಸಿ, "ನಿಮ್ಮಮ್ಮನಿಗೆ ಬರೋಕೇನು ದಾಡಿ?" ಎಂದು ರೇಗಿದೆ. "ಖಾಲಿ ಡಬ್ಬ ತರ್ಬೇಕಂತಲ್ಲ ಮಿಸ್. ಅಮ್ಮ ಒಲ್ಲೆ ಅಂತು," ಎಂದಳು ಹುಡುಗಿ. ಯಾರ ಮೇಲೆ ಕೂಗಾಡಬೇಕೆಂದೇ ತಿಳಿಯದೆ ಸಾಯಂಕಾಲದವರೆಗೆ ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಹೊಟ್ಟೆಗಿಲ್ಲದೆಯೂ ಹಟ ಬಿಡದ ಇವರ ಮೇಲೋ, ಹಟವೆಂದರೇನೆಂದೇ ತಿಳಿಯದ ಅವರ ಮೇಲೋ?

ಆ ಶುಕ್ರವಾರ ಸ್ಕೂಲು ಬಿಟ್ಟ ಮೇಲೆ ಜಯಮ್ಮನ ಮನೆ ಹುಡುಕಿಕೊಂಡು ಹೋದೆ. ಹೆದ್ದಾರಿಗೆ ಹತ್ತಿರ, ಒಂದೇ ಕೋಣೆಯ ಶೀಟಿನ ಮನೆ. ಬಾಗಿಲಲ್ಲಿ ತುಂಬು ಬಸುರಿ ಹುಡುಗಿಯೊಬ್ಬಳು ಗೋಡೆಗೊರಗಿ ಕೂತಿದ್ದಳು. ಮುಖ ಸುಣ್ಣ ಬಳಿದಷ್ಟು ಬೆಳ್ಳಗೆ. ಅವಳೇ ಭಾಗ್ಯ. ಚೊಚ್ಚಲ ಹೆರಿಗೆಗೆಂದು ಶ್ರಾವಣದಲ್ಲಿ ತವರಿಗೆ ಬಂದಿದ್ದಳು. ದೊಡ್ಡಾಸ್ಪತ್ರೆಯಲ್ಲಿ ರಕ್ತ ತೀರಾ ಕಡಿಮೆಯಿದೆ, ಚೆನ್ನಾಗಿ ತಿನ್ನಬೇಕು, ಹೆರಿಗೆಗೆ ತಪ್ಪದೆ ಇಲ್ಲಿಗೇ ಬರಬೇಕು ಎಂದಿದ್ದರಂತೆ. ಅವಳ ಪಕ್ಕದ ಲೋಟದಲ್ಲಿ ತಳ ಕಾಣುವಷ್ಟು ತೆಳ್ಳಗಿನ ಅಂಬಲಿ. ಒಳಗೆ ಹಲಗೆಯ ಮೇಲೆ ನಮ್ಮ ಡಬ್ಬ, ಬೂದಿ ಹಾಕಿ ತಿಕ್ಕಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಜಯಮ್ಮ ನನ್ನನ್ನು ಕಂಡವಳೇ ಡಬ್ಬ ಇಳಿಸಿ ಸೆರಗಿನಲ್ಲಿ ಒರೆಸಿದಳು. "ನುಂಗ್ಬುಟ್ಳು ಅಂದ್ರಂತೆ ಅಯ್ನೋರು. ಇಗೋ ನೋಡಿ, ಇಲ್ಲೇ ಐತೆ."

"ಡಬ್ಬ ಕೇಳೋಕೆ ಬಂದಿಲ್ಲ. ಯಾಕೆ ಬರ್ತಿಲ್ಲ ಹೇಳು."

"ಏನ್ ಹಾಕ್ಕೊಂಡ್ ಬರ್ಲಿ? ರೋಡ್ ಅಗ್ಲ ಮಾಡ್ತೀವಿ ಅಂತ ಬೇಲೀನೂ ಕಿತ್ರು, ನುಗ್ಗೆ ಮರಾನೂ ಕಡ್ದ್ರು. ಒಂದಿಡಿ ಸೊಪ್ಪು ಬೇಕು ಅಂದ್ರೂ ದುಡ್ ಕೊಟ್ಟು ತರ್ಬೇಕು ಈಗ."

"ಏನೂ ಹಾಕಬೇಡ ಅಂತಲೇ ಬೋರ್ಡು ಹಾಕಿದಾರಲ್ಲ ಮಾರಾಯ್ತಿ."

"ಓದ್ಸಿ ಕೇಳ್ದೆ ಅದ್ನ. ಬರಿದಾಗಿ ತತ್ತಾ ಅಂತ ಬರ್ಸವ್ರಲ್ಲ, ಅವ್ರ ಮನೇಲಿ ಹೆಣ್ಮಕ್ಳಿಲ್ವಾ? ಮನೇಲಿ ಬಸ್ರಿ ಮಗ್ಳ್ನ ಇಕ್ಕೊಂಡು ಬರೀ ಡಬ್ಬ ಎತ್ಕೊಂಡು ಬೀದೀಲಿ ಬರ್ಲಾ ನಾನು?"

"ಹಾಗಾದ್ರೆ ನಾನೇ ಮನೆಗೆ ತಂದುಕೊಡ್ತೀನಿ."

"ಬ್ಯಾಡಿ. ಅಲ್ಲಿಗ್ ಬಂದು ಡಬ್ಬ ಕೊಟ್ಟು ಡಬ್ಬ ಈಸ್ಕೊಂಡ್ರೆ ಅದು ಒಂದು. ನೀವು ಮನೆ ಬಾಗ್ಲಿಗೆ ತಂದು ಸುರಿದ್ರೆ ಅದು ಬೇರೆ." ದನಿ ತಗ್ಗಿಸಿದಳು. "ನಾಳಿದ್ದು ಭಾನ್ವಾರ ಅಳಿಯ ಬತ್ತನೆ. ಕರ್ಕೊಂಡೋಗಪ್ಪ ಅಂತ ಹೇಳಿ ಕಳ್ಸೀನಿ. ಅಲ್ಲಿ ಎಲ್ಡೊತ್ತು ಮುದ್ದೆ ಆದ್ರೂ ಸಿಕ್ತದೆ ಮಗೀಗೆ."

"ಉಯ್ಯಂಬಳ್ಳಿಯಿಂದ ದೊಡ್ಡಾಸ್ಪತ್ರೆ ಎಷ್ಟು ದೂರ ಗೊತ್ತಾ? ರಾತ್ರಿಹೊತ್ತು ನೋವು ಬಂದರೆ ಯಾವ ಬಸ್ಸು ಸಿಗುತ್ತೆ?"

"ಗೊತ್ತು. ಅಲ್ಲಿಗೆ ಕೊಟ್ಟೋಳು ನಾನೇ ಅಲ್ವಾ," ಎಂದಳು ಜಯಮ್ಮ. ಭಾಗ್ಯ ಮುಖ ಆ ಕಡೆ ತಿರುಗಿಸಿಕೊಂಡಳು. ಚೊಚ್ಚಲು ಬಸುರಿಯನ್ನು ಹೊಟ್ಟೆಗೆ ಹಾಕಲಾಗದೆ ತವರಿನಿಂದ ವಾಪಸ್ ಕಳಿಸುವುದೆಂದರೆ ಆ ತಾಯಿಯ ಪಾಲಿಗೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆಟ್ಟಗೆ ಶಿವಲಿಂಗಯ್ಯನವರ ಮನೆಗೆ ಹೋದೆ. ಬೋರ್ಡು ಕೀಳಿಸಿ ಎಂದೆ. ಅವರು ಕಾಫಿ ಕೊಡಿಸಿದರು. ಸಭೆ ಕರೆಯಬೇಕು, ನಿರ್ಣಯ ಆಗಬೇಕು, ಕಂಪನಿಯವರ ಒಪ್ಪಿಗೆ ಬೇಕು ಎಂದರು. "ನಾಳಿದ್ದು ಒಂದು ಹುಡುಗಿ ಉಯ್ಯಂಬಳ್ಳಿಗೆ ಹೋಗ್ತಾಳೆ, ಅವಳ ಜೀವಕ್ಕೇನಾದರೂ ಆದರೆ ಅದಕ್ಕೂ ನಿರ್ಣಯ ಬರೀತೀರಾ?" ಎಂದು ಕೇಳಿ, ಕಾಫಿ ಹಾಗೇ ಬಿಟ್ಟು ಎದ್ದು ಬಂದೆ. ದಾರಿಯಲ್ಲಿ ಕಾಫಿ ಕುಡಿದೇ ಬರಬಹುದಿತ್ತು ಅನ್ನಿಸಿತು, ಅಷ್ಟು ದಣಿದಿದ್ದೆ.

ಶನಿವಾರ ಬೀಗ ತೆಗೆದೆ. ಶಿವಲಿಂಗಯ್ಯನವರು ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ಹೊತ್ತಿನ ಮೇಲೆ ಗೇಟಿನ ಹತ್ತಿರ ಜಯಮ್ಮ ಕಂಡಳು. ಡಬ್ಬ ಸೊಂಟದಲ್ಲಿತ್ತು. ಬಂದಿದ್ದಾಳೆ, ಆದರೆ ಒಳಗೆ ಬರುವುದಿಲ್ಲ. ಗೇಟಿನ ಪಕ್ಕ ಬಷೀರ್ ಸಾಬರ ಕರಿಬೇವಿನ ಮರದ ಕೆಳಗೆ ನಿಂತುಬಿಟ್ಟಳು. ಜಿನುಗುವ ಮಳೆ. ಮಗಳಿಗಾಗಿ ಅಷ್ಟು ದೂರ ಬಂದವಳಿಗೆ ಇನ್ನು ಹತ್ತು ಹೆಜ್ಜೆ ಇಡಲಾಗಲಿಲ್ಲ.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ, ಮರದಿಂದ ಒಂದು ಎಸಳು ಕರಿಬೇವು ಚಟಕ್ಕನೆ ಮುರಿದು ಅವಳ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದೆ. "ಈಗ ಬರಿದಲ್ಲ. ಸಾಕಾ? ಬಾ ಒಳಗೆ."

ಜಯಮ್ಮ ಮುಚ್ಚಳ ತೆಗೆದು ಆ ಎಸಳನ್ನು ಹೊರಗೆ ತೆಗೆದಳು. "ನೀವ್ ಹಾಕುದ್ರೆ ಆಯ್ತದಾ? ನಾನಲ್ವಾ ಹಾಕ್ಬೇಕು?"

"ಹಾಕು ಹಾಗಾದ್ರೆ, ಯಾರು ಬೇಡ ಅಂದ್ರು."

"ಮರ ಸಾಬ್ರುದು."

ಅಷ್ಟು ಹೊತ್ತಿಗೆ ನನ್ನ ಕಣ್ಣಲ್ಲಿ ನೀರೇ ಬಂದಿತ್ತು, ಸಿಟ್ಟಿಗೆ. ಅಷ್ಟೂ ಮಾತು ಕೇಳುತ್ತ ಜಗಲಿಯಲ್ಲಿ ಕೂತಿದ್ದ ಬಷೀರ್ ಸಾಬರು ಕೂತಲ್ಲಿಂದಲೇ ಹೇಳಿದರು: "ಜಯಮ್ಮ, ನಮ್ಮಲ್ಲಿ ಇಷ್ಟು ವರ್ಷ ಕೆಲ್ಸ ಮಾಡಿದ್ದೀ. ಆ ಮರಕ್ಕೆ ಬೇಸಿನ್ ನೀರು ಹಾಕಿ ಬೆಳೆಸಿದ್ದು ನೀವೇ ಎಲ್ಲಾ. ತಗೋಮ್ಮ, ಕೇಳೋದೇನು."

ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಸರವಿಲ್ಲದೆ ನಾಲ್ಕಾರು ಕೊಂಬೆ ನೋಡಿ, ಎಳೆಯದೊಂದು ಎಸಳನ್ನು ಆರಿಸಿ ಕಿತ್ತು, ಮಳೆನೀರು ಕೊಡವಿ ಡಬ್ಬಕ್ಕೆ ಹಾಕಿದಳು. ಆಮೇಲೆ ನೆಟ್ಟಗೆ ಒಳಗೆ ನಡೆದು ಬಂದು ಮೇಜಿನ ಮೇಲೆ ಇಟ್ಟಳು.

ಶಿವಲಿಂಗಯ್ಯನವರು ಮುಚ್ಚಳ ತೆಗೆದು ಇಣುಕಿದರು. "ಮೇಡಂ, ಇದರಲ್ಲಿ ಸೊಪ್ಪಿದೆ. ಬೋರ್ಡಿನ ಪ್ರಕಾರ..."

ಆವತ್ತು ನಾನು ಏನೇನು ಮಾತಾಡಿದೆನೆಂದು ಪೂರ್ತಿ ನೆನಪಿಲ್ಲ. ಅವರ ಸೀಲು, ಅವರ ರುಜು, ಅವರ ಸಹಕಾರ ಸಂಘ ಯಾವುದನ್ನೂ ಬಿಡಲಿಲ್ಲವಂತೆ; ಬಷೀರ್ ಸಾಬರು ಆಮೇಲೆ ಬಹಳ ದಿನ ಅದನ್ನು ಹೇಳಿಕೊಂಡು ನಗುತ್ತಿದ್ದರು. ಕೊನೆಗೆ ಆ ಎಸಳನ್ನು ಡಬ್ಬದಿಂದ ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡು, ಡಬ್ಬವನ್ನು ಅವರ ಮೂಗಿನ ಕೆಳಗೆ ಹಿಡಿದೆ. "ಈಗ ನೋಡಿ. ಖಾಲಿ. ಬರ್ಕೊಳಿ." ಅವರು ಬರೆದುಕೊಂಡರು. ಜಯಮ್ಮ ತುಂಬಿದ ಡಬ್ಬ ತೆಗೆದುಕೊಂಡು, ನಾನು ಜೊತೆಗಿಟ್ಟ ಬೆಲ್ಲ, ಹುರುಳಿಯನ್ನೂ ಬೇಡವೆನ್ನದೆ ತೆಗೆದುಕೊಂಡು ಹೋದಳು.

ಭಾನುವಾರ ಅಳಿಯ ಬಂದನಂತೆ. ಮುದ್ದೆ, ಹುರುಳಿ ಸಾರು ಉಂಡನಂತೆ. ಭಾಗ್ಯ ಇಲ್ಲೇ ಇರ್ತೀನಿ ಎಂದಳಂತೆ. ಆಸ್ಪತ್ರೆ ಹತ್ತಿರವಿರುವುದು ಅವನಿಗೂ ಸಮಾಧಾನವೇ; ಒಬ್ಬನೇ ಬಸ್ ಹತ್ತಿ ವಾಪಸಾದ. ಮುಂದಿನ ಶನಿವಾರ ಜಯಮ್ಮ ಇದನ್ನೆಲ್ಲ ಹೇಳುವಾಗ ಅವಳ ಹಿಂದೆ ಐದಾರು ಹೆಂಗಸರು ನಿಂತಿದ್ದರು, ಎಲ್ಲರ ಡಬ್ಬದಲ್ಲೂ ಕರಿಬೇವು. ಅದರ ಮುಂದಿನ ವಾರ ಸಾಲು ಗೇಟಿನಾಚೆಗೆ ಬೆಳೆಯಿತು. ಬಂದವರು ಮೊದಲು ಮರದ ಹತ್ತಿರ, ಆಮೇಲೆ ಮೇಜಿನ ಹತ್ತಿರ. ನಾನು ಎಸಳು ತೆಗೆದುಕೊಳ್ಳುವುದು, ಶಿವಲಿಂಗಯ್ಯನವರು ಖಾಲಿ ಎಂದು ಬರೆದುಕೊಳ್ಳುವುದು. ಇಂಥ ಹುಚ್ಚು ವ್ಯವಹಾರವನ್ನು ನಾನು ಬೇರೆಲ್ಲೂ ನೋಡಿಲ್ಲ, ಆದರೆ ರಾಗಿ ಮನೆಗಳಿಗೆ ಹೋಯಿತು, ಒಲೆ ಹತ್ತಿತು. ದೀಪಾವಳಿ ಹೊತ್ತಿಗೆ ಆ ಮರಕ್ಕೆ ಕೈಗೆಟುಕುವಷ್ಟು ಎತ್ತರದಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಆಫೀಸರ್ ಮತ್ತೆ ಬಂದು ಡಬ್ಬಗಳನ್ನೆಲ್ಲ ತೆರೆದು ನೋಡಿ, ಖಾಲಿಯಿರುವುದನ್ನು ಕಂಡು ತೃಪ್ತನಾದ. ಹೋಗುವಾಗ ಮಾತ್ರ ಮರದ ಕಡೆ ನೋಡಿ, ರೋಗ ಬಂದಿದೆಯಾ ಎಂದು ಕೇಳಿದ.

ಭಾಗ್ಯಳಿಗೆ ದೊಡ್ಡಾಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು. ಕಷ್ಟದ ಹೆರಿಗೆ, ರಕ್ತ ಕೊಡಿಸಬೇಕಾಯಿತು. ಉಯ್ಯಂಬಳ್ಳಿಯಲ್ಲಿದ್ದಿದ್ದರೆ ಎಂದು ಡಾಕ್ಟರಮ್ಮ ಮಾತು ಅರ್ಧಕ್ಕೇ ನಿಲ್ಲಿಸಿದರಂತೆ. ಬಾಣಂತನ ಮುಗಿಯುವ ಮೊದಲೇ ಚಳಿ ಬಿದ್ದು ಅವರೆಕಾಯಿ ಕಾಲ ಬಂದಿತ್ತು. ಒಂದು ದಿನ ಸಾಯಂಕಾಲ ನಮ್ಮ ಮನೆ ಬಾಗಿಲು ತಟ್ಟಿದ ಸದ್ದು. ಜಯಮ್ಮ. ಕೈಯಲ್ಲಿ ಸೊಟ್ಟ ಮುಚ್ಚಳದ ಹಳೆಯ ಅಲ್ಯೂಮಿನಿಯಂ ಡಬ್ಬಿ. ಅದರ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಒಳಗೆ ಅಂಚಿನವರೆಗೆ ಹಿತಕಿದ ಅವರೆಬೇಳೆ. ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸಿದ್ದು. ಅಷ್ಟು ಬೇಳೆಗೆ ಎಷ್ಟು ಹೊತ್ತು ಕೂತಿರಬೇಕೆಂದು ಹಿತಕಿದವರಿಗೇ ಗೊತ್ತು. ಕೂಟಗಲ್ ಕಡೆ ಕಾಯಿ ಬಿಡಿಸಲು ಕೂಲಿಗೆ ಹೋಗಿದ್ದಳಂತೆ, ಕೂಲಿಯ ಜೊತೆ ಕಾಯಿಯನ್ನೂ ಕೊಟ್ಟಿದ್ದರಂತೆ.

"ಇಷ್ಟೊಂದು ಯಾಕೆ ತಂದೆ? ಬಾಣಂತಿ ಮನೆ ನಿಂದು," ಎಂದು ಅಭ್ಯಾಸಬಲದಿಂದ ರೇಗಿದೆ.

"ಮಗು ಹುಟ್ಟೈತೆ, ಕೊಡ್ಬಾರ್ದಾ? ಡಬ್ಬಿ ನಿಧಾನುಕ್ ಕೊಡಿ, ಅವಸ್ರ ಏನಿಲ್ಲ," ಎಂದು ಹೊರಟೇಬಿಟ್ಟಳು.

ಈಗ ಡಬ್ಬಿ ನನ್ನ ಮನೆಯಲ್ಲಿ ಕೂತಿತು. ಸಾರು ಮಾಡಿ ಉಂಡೆವು, ಡಬ್ಬಿ ತೊಳೆದಿಟ್ಟೆ. ಏನು ಹಾಕಿ ಕೊಡುವುದು? ರಾಗಿ ಹಾಕುವಂತಿಲ್ಲ, ಬೇಳೆ ಹಾಕುವಂತಿಲ್ಲ. ಅದು ರಾಗಿ ರೂಮಿನದಾಗುತ್ತದೆ. ಅಂಗಡಿಯಿಂದ ಸಿಹಿ ತಂದು ಹಾಕಿದರೆ ಅವಳು ಹಿತಕಿದ ಬೇಳೆಗೆ ಅದು ಸಮವಲ್ಲ. ವರ್ಷವೆಲ್ಲ ಊರಿನವರ ಡಬ್ಬ ತುಂಬಿಸಿದವಳು ಒಂದು ಸೊಟ್ಟ ಡಬ್ಬಿ ಮುಂದೆ ದಿನಗಟ್ಟಲೆ ತಲೆ ಕೆಡಿಸಿಕೊಂಡೆ. ಕೊನೆಗೆ ಅಮ್ಮ ಮಾಡುತ್ತಿದ್ದ ಹಾಗೆ ಮೆಣಸು, ಜೀರಿಗೆ, ಬೆಳ್ಳುಳ್ಳಿ ಹುರಿದು ಕುಟ್ಟಿ ಬಾಣಂತಿ ಸಾರಿನ ಪುಡಿ ಮಾಡಿದೆ. ಸೀನಿ ಸೀನಿ ಮೂಗು ಕೆಂಪಾಯಿತು. ಭಾನುವಾರ ತೆಗೆದುಕೊಂಡು ಹೋದೆ.

ಜಯಮ್ಮ ಮುಚ್ಚಳ ತೆಗೆದು ಮೂಸಿದಳು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಕಣ್ಣು ಕಿರಿದು ಮಾಡಿದಳು.

"ಮೆಣ್ಸು ಅತಿಯಾಗೈತೆ ಟೀಚರಮ್ಮ. ಬೆಳ್ಳುಳ್ಳೀನ ಇನ್ನೂ ಒಸಿ ಹುರೀಬೇಕಾಗಿತ್ತು. ನಿಮ್ಮ ಕಡೆ ಹಿಂಗೇ ಮಾಡದಾ?"

"ನಮ್ಮ ಕಡೆ ಹೀಗೇ. ಬೇಡದಿದ್ದರೆ ವಾಪಸ್ ಕೊಡು," ಎಂದೆ. ಮೈಯೆಲ್ಲ ಉರಿದುಹೋಗಿತ್ತು.

"ಇರ್ಲಿ ಬುಡಿ, ಒಸಿ ಜೀರ್ಗೆ ಸೇರ್ಸಿ ಸರಿ ಮಾಡ್ಕೋತೀನಿ," ಎಂದು ಡಬ್ಬಿ ಒಳಗಿಟ್ಟು, ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದೆ. ಮೆಣಸು ಅತಿಯಾಗಿರಲಿಲ್ಲ, ಅಮ್ಮನ ಅಳತೆಯೇ ಹಾಕಿದ್ದೆ. ಎಷ್ಟು ಕೊಬ್ಬು ಇವಳಿಗೆ ಎಂದುಕೊಂಡು ಸೇತುವೆಯವರೆಗೆ ಬಂದಾಗ ನೆನಪಾಯಿತು. ಆ ವರ್ಷ ನಾವು ಹಂಚಿದ ರಾಗಿಯಲ್ಲಿ ಕಲ್ಲಿತ್ತು. ಬೇಳೆ ಎಷ್ಟೋ ಸಲ ಹುಳ ಹಿಡಿದದ್ದು. ಎಣ್ಣೆ ಒಮ್ಮೊಮ್ಮೆ ಕಮಟು ನಾರುತ್ತಿತ್ತು. ನನಗೆ ಗೊತ್ತಿತ್ತು, ತಿನ್ನುವವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಯುಗಾದಿಯಿಂದ ಆವತ್ತಿನವರೆಗೆ ಅವರಲ್ಲಿ ಯಾರೂ, ಜಯಮ್ಮ ಕೂಡ, ಅದರ ಬಗ್ಗೆ ಒಂದೇ ಒಂದು ಮಾತು ಆಡಿರಲಿಲ್ಲ.